ಬಚ್ಚಲುಮನೆಯ ಲೆಕ್ಕ

ಬಚ್ಚಲಿಗೆ ಸಬ್‌ವೇ ಟೈಲ್ಸ್ ಹಾಕಿಸೋಣ ಎಂದು ನನ್ನ ಹೆಂಡತಿ ಹೇಳಿದಾಗ ನನಗೆ ನೆನಪಾದದ್ದು ಬೆಂಗಳೂರಿನ ಮೆಜೆಸ್ಟಿಕ್. ರಸ್ತೆ ದಾಟಲು ನೆಲದಡಿಗೆ ಇಳಿದು, ಬಾಚಣಿಗೆ, ಕರ್ಚೀಫು ಮಾರುವವರ ನಡುವೆ ನುಸುಳಿ, ಯಾವ ಮೆಟ್ಟಿಲು ಹತ್ತಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೇನೋ ತಿಳಿಯದೆ ತಬ್ಬಿಬ್ಬಾಗುವ ಜಾಗ. ಅದಕ್ಕೂ ಸ್ನಾನಕ್ಕೂ ಏನು ಸಂಬಂಧ? ಅವಳು ಅಂಗಡಿಯಿಂದ ತಂದಿದ್ದ ಒಂದು ಬಿಲ್ಲೆಯನ್ನು ನನ್ನ ಕೈಗಿಟ್ಟಳು. ಬೆಳ್ಳಗೆ ಹೊಳೆಯುತ್ತಿತ್ತು. ಆರು ಅಂಗುಲ ಉದ್ದ, ಮೂರು ಅಂಗುಲ ಅಗಲ. ಇಟ್ಟಿಗೆ ಜೋಡಿಸುವ ಹಾಗೆ ಸಾಲುಸಾಲಾಗಿ, ಅರ್ಧರ್ಧ ಸರಿಸಿ ಕೂರಿಸುತ್ತಾರಂತೆ.

‘ಹೆರಿಗೆ ಆಸ್ಪತ್ರೆ ಇದ್ದಂಗಿರುತ್ತೆ’ ಎಂದರು ಅಮ್ಮ, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು.

ತುಮಕೂರಿನ ಈ ಮನೆಯನ್ನು ನಮ್ಮ ತಂದೆ ಕಟ್ಟಿಸಿದ್ದು 1978ರಲ್ಲಿ. ಬಚ್ಚಲು ಐದಡಿಗೆ ಆರಡಿ. ಮೂಲೆಯ ಒಲೆಯ ಮೇಲೆ ತಾಮ್ರದ ಹಂಡೆ ಕೂತಿರುತ್ತಿತ್ತು. ಹಂಡೆ ಅಟ್ಟ ಸೇರಿ ಗೀಸರ್ ಬಂದ ಮೇಲೂ ಒಲೆಯ ಕಟ್ಟೆ ಹಾಗೇ ಇತ್ತು, ಸೂರಿನ ಮಸಿಯೂ ಇತ್ತು. ಸವೆದ ಕಡಪಾ ಕಲ್ಲಿನ ಮೇಲೆ 2019ರ ಮಾರ್ಚಿಯಲ್ಲಿ ಅಮ್ಮ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಇನ್ನು ತಡ ಮಾಡುವ ಹಾಗಿರಲಿಲ್ಲ.

ಏಪ್ರಿಲ್‌ನಲ್ಲಿ ಮಗನ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ಗಣಿತದಲ್ಲಿ ಫೇಲು. ಆ ಸಂಜೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ, ಆದರೆ ಬರೆಯದಿದ್ದರೆ ಮುಂದಿನದಕ್ಕೆ ಅರ್ಥವಿರುವುದಿಲ್ಲ. ‘ಓದೋದು ನಿನ್ನ ಹಣೇಲಿ ಬರೆದಿಲ್ಲ, ಗಾರೆ ಕೆಲಸಕ್ಕೆ ಹೋಗು’ ಎಂದುಬಿಟ್ಟೆ. ನನ್ನ ತಂದೆಯೂ ನನಗೆ ಇದನ್ನೇ ಅನ್ನುತ್ತಿದ್ದರು. ಮಗ ಉತ್ತರ ಕೊಡಲಿಲ್ಲ. ಅಂದಿನಿಂದ ಊಟಕ್ಕೆ ಬಂದು ಕೂರುವನು, ಎದ್ದು ಹೋಗುವನು. ಜೂನ್‌ನ ಪೂರಕ ಪರೀಕ್ಷೆಗೆ ಹಣ ಕಟ್ಟಿದ್ದಾಯಿತು, ಪುಸ್ತಕ ಮಾತ್ರ ತೆರೆಯಲಿಲ್ಲ.

ಅಂಗಡಿಯವರು ಅಳತೆ ಕೇಳಿ, ಮನಸ್ಸಿನಲ್ಲೇ ಏನೋ ಗುಣಿಸಿ, ‘ಏಳಡಿ ಎತ್ತರಕ್ಕೆ 1,400 ಟೈಲ್ಸ್ ಬೇಕಾಗುತ್ತೆ’ ಎಂದಿದ್ದರು. ರಾತ್ರಿ ಊಟದ ಹೊತ್ತಿಗೆ ನಾನು ಚೀಟಿ ಹಿಡಿದುಕೊಂಡು ಗೊಣಗುತ್ತಿದ್ದೆ. ಮಗ ತಟ್ಟೆಯಿಂದ ಕಣ್ಣೆತ್ತದೆ, ‘ಒಂದು ಚದರಡಿಗೆ ಎಂಟೇ ಹಿಡಿಸೋದು’ ಎಂದ. ಸುತ್ತಳತೆ 22 ಅಡಿ, ಎತ್ತರ ಏಳು, ಒಟ್ಟು 154 ಚದರಡಿ. ಎರಡೂವರೆ ಅಡಿಯ ಬಾಗಿಲನ್ನು ಕಳೆದರೆ 136.5. ಎಂಟರಿಂದ ಗುಣಿಸಿದರೆ 1,092. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಸೇರಿಸಿದ: ಟೈಲ್ಸ್ ನಡುವೆ ಎರಡು ಮಿಲಿಮೀಟರ್ ಸಂದು ಬಿಡುವುದಾದರೆ ಸಂದುಗಳೇ ನಲವತ್ತು ಟೈಲ್ಸ್‌ನಷ್ಟು ಜಾಗ ತಿನ್ನುತ್ತವೆ, ಒಡೆಯುವುದಕ್ಕೂ ಕತ್ತರಿಸುವುದಕ್ಕೂ ನೂರಕ್ಕೆ ಹತ್ತು ಸೇರಿಸಿದರೆ ಸಾಕು. ನಾವು 1,160 ತಂದೆವು.

ಈ ಟೈಲ್ಸಿಗೆ ಆ ಹೆಸರು ಬಂದದ್ದು ನ್ಯೂಯಾರ್ಕಿನಿಂದ. ಅಲ್ಲಿ ನೆಲದಡಿಯ ರೈಲಿಗೆ ಸಬ್‌ವೇ ಎನ್ನುತ್ತಾರೆ. 1904ರ ಅಕ್ಟೋಬರ್ 27ರಂದು ಅದು ಓಡಲಾರಂಭಿಸಿದಾಗ, ನಿಲ್ದಾಣಗಳ ಗೋಡೆಗೆ ಹೈನ್ಸ್ ಮತ್ತು ಲಾಫಾರ್ಜ್ ಎಂಬ ವಾಸ್ತುಶಿಲ್ಪಿಗಳು ಇಂಥ ಬಿಳಿ ಬಿಲ್ಲೆಗಳನ್ನು ಹಾಕಿಸಿದರು. ಬಿಸಿಲು ಕಾಣದ ಜಾಗದಲ್ಲಿ ಇದ್ದಷ್ಟು ಬೆಳಕನ್ನು ಬಿಳುಪು ಹಿಂದಕ್ಕೆ ಚೆಲ್ಲುತ್ತದೆ. ನುಣುಪಾದ ಮೈಗೆ ಕೊಳೆ ಅಂಟಿದರೆ ಒರೆಸುವುದೂ ಸುಲಭ. ಆಸ್ಟರ್ ಪ್ಲೇಸ್ ಎಂಬ ನಿಲ್ದಾಣದ ಗೋಡೆಯ ಮೇಲೆ ಬೀವರ್ ಎಂಬ ಪ್ರಾಣಿಯ ಉಬ್ಬುಚಿತ್ರಗಳಿವೆ. ಆಸ್ಟರ್ ಮನೆತನದ ಹಿರಿಯ ಹಣ ಮಾಡಿದ್ದು ಬೀವರ್ ತುಪ್ಪಳದ ವ್ಯಾಪಾರದಲ್ಲಿ. ಒಂದೇ ಒಂದು ಚಿಕ್ಕ ಗವಾಕ್ಷಿಯಿರುವ ನಮ್ಮ ಬಚ್ಚಲಿಗೂ ಆ ನಿಲ್ದಾಣಗಳಿಗೂ ಅಷ್ಟೇನೂ ದೂರವಿಲ್ಲ ಎನ್ನಿಸಿತು.

ಮೇಸ್ತ್ರಿಗಳು ಬಂದರು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಒಲೆಯ ಕಟ್ಟೆ ಒಡೆಸಿ, ಹಳೆಯ ಗಾರೆ ಕೆತ್ತಿಸಿ, ಮೂಲೆಯ ಒಂದು ಗೋಡೆಯಲ್ಲಿ ಮೂರಡಿಗೆ, ಇನ್ನೊಂದರಲ್ಲಿ ನಾಲ್ಕಡಿಗೆ ಗುರುತು ಹಾಕಿ ಟೇಪು ಎಳೆದರು. ಎದುರುಬದುರು ಐದಡಿ ಬರಬೇಕಾದಲ್ಲಿ ಅರ್ಧ ಅಂಗುಲ ಹೆಚ್ಚಿತ್ತು. ‘ನಿಮ್ಮಪ್ಪಾರ ಗೋಡೆ ಕೊನೇಲಿ ಒಂದಿಂಚು ಸೊಟ್ಟ ಐತೆ ಸ್ವಾಮಿ’ ಎಂದರು. ನಲವತ್ತು ವರ್ಷ ಆ ಗೋಡೆ ನೋಡಿಕೊಂಡೇ ಸ್ನಾನ ಮಾಡಿದ್ದೇವೆ, ಯಾರಿಗೂ ಗೊತ್ತಾಗಿರಲಿಲ್ಲ. ಸಣ್ಣ ಟೈಲ್ಸ್ ಹಾಕಿದರೆ ಮುಚ್ಚಿಡಲಾಗದು. ಮೂರು ಅಂಗುಲಕ್ಕೊಂದು ಗೆರೆ ಬರುತ್ತದೆ, ಗೋಡೆಯ ಸೊಟ್ಟವನ್ನು ಪ್ರತಿ ಗೆರೆಯೂ ಹೇಳುತ್ತದೆ. ಹೊಸ ಗಾರೆಯನ್ನೇ ಒಂದು ಕಡೆ ದಪ್ಪ ಮಾಡಿ ಮಟ್ಟಕ್ಕೆ ತಂದರು. ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಪೈಥಾಗೊರಸ್‌ನನ್ನು ಅವನು ಅಲ್ಲಿ ಕಾಣುವ ನಿರೀಕ್ಷೆಯಲ್ಲಿರಲಿಲ್ಲ.

ಮರುದಿನದಿಂದ ಅವನು ಬಚ್ಚಲಲ್ಲೇ. ಅಟ್ಟದ ಹಂಡೆಯನ್ನು ಇಳಿಸಿ ಟೈಲ್ಸ್ ನೆನೆಹಾಕಿದ. ಒಣ ಬಿಲ್ಲೆ ಸಿಮೆಂಟಿನ ನೀರು ಹೀರಿಕೊಂಡು ಆಮೇಲೆ ಕಳಚಿ ಬೀಳುತ್ತದಂತೆ. ಹಂಡೆ ಮತ್ತೆ ಬಚ್ಚಲಿಗೆ ಬಂದದ್ದು ಕಂಡು ಅಮ್ಮನಿಗೆ ಅರ್ಧ ಸಮಾಧಾನ. ನೆಲ ಮೋರಿಯ ಕಡೆಗೆ ಅಡಿಗೆ ಕಾಲು ಅಂಗುಲ ಇಳಿಜಾರು. ಇಳಿಜಾರಿನ ಮೇಲಿಂದ ಸಾಲು ಎಬ್ಬಿಸಿದರೆ ಗೋಡೆಯೆಲ್ಲ ವಾಲುತ್ತದೆ. ಅದಕ್ಕೇ ಎರಡನೆಯ ಸಾಲಿನ ಮಟ್ಟಕ್ಕೆ ಒಂದು ಮರದ ಪಟ್ಟಿ ಹೊಡೆದು, ಅದರ ಮೇಲಿಂದ ಶುರು ಮಾಡಿ, ಕೆಳಗಿನ ಸಾಲನ್ನು ಕೊನೆಯಲ್ಲಿ ಕತ್ತರಿಸಿ ಕೂರಿಸಿದರು.

ಕಿರಿಯ ಗೋಡೆ ಗಾರೆಯಾದ ಮೇಲೆ ನಾಲ್ಕಡಿ ಹತ್ತು ಅಂಗುಲಕ್ಕೆ ಇಳಿದಿತ್ತು. ಮೇಸ್ತ್ರಿಗಳ ಆಳು ಮೂಲೆಯಿಂದ ಇಡಿಯ ಬಿಲ್ಲೆ ಇಟ್ಟು ಶುರು ಮಾಡಹೊರಟಾಗ ಮಗ ತಡೆದ. ಹಾಗೆ ಮಾಡಿದರೆ ಎರಡನೆಯ ಸಾಲಿನ ಕೊನೆಗೆ ಕಾಲು ಅಂಗುಲದ ಸೀಳು ಬರುತ್ತದೆ, ಅದನ್ನು ಕತ್ತರಿಸುವುದು ಹೇಗೆ? ಗೋಡೆಯ ನಡುವಿನಿಂದ ಹೊರಟರೆ ಒಂದು ಸಾಲಿಗೆ ಎರಡೂ ಕೊನೆಯಲ್ಲಿ ನಾಲ್ಕೂಮುಕ್ಕಾಲು ಅಂಗುಲ, ಮುಂದಿನ ಸಾಲಿಗೆ ಒಂದೂವರೆ ಅಂಗುಲ ಮೀರಿ ಬರುತ್ತದೆ. ಗಾರೆಯ ಮೇಲೇ ಪೆನ್ಸಿಲಿನಲ್ಲಿ ಲೆಕ್ಕ ಬರೆದಿದ್ದ. ಮೇಸ್ತ್ರಿಗಳು ಅದನ್ನೂ ನೋಡಿದರು, ಅವನನ್ನೂ ನೋಡಿದರು.

‘ಏನ್ ಓದ್ತಿದ್ದೀಯಪ್ಪ?’

‘ಪಿಯುಸಿ ಫೇಲಾಗಿದೀನಿ ಮೇಸ್ತ್ರಿ.’

ನಾನು ಹೊರಗೆ ಪಡಸಾಲೆಯಲ್ಲಿದ್ದೆ. ಫಲಿತಾಂಶ ಬಂದಮೇಲೆ ಆ ಮಾತನ್ನು ಅವನು ತನ್ನ ಬಾಯಿಂದ ಹೇಳಿದ್ದು ಅದೇ ಮೊದಲು. ಅವರು ಏನು ಹೇಳುತ್ತಾರೋ ಎಂದು ಕಾದೆ.

‘ಇರ್ಲಿ ಬಿಡು. ಆ ಕಡೆ ದಾರ ಹಿಡ್ಕೊ.’

ಅಷ್ಟೇ. ಆಮೇಲೆ ಕೇಳಿಸಿದ್ದು ಬಿಲ್ಲೆಯ ಮೇಲೆ ಕರಣೆಯ ಹಿಡಿ ತಟ್ಟುವ ಸದ್ದು. ನಾನು ಅಡುಗೆಮನೆಗೆ ಹೋಗಿ ಮೂರು ಲೋಟ ಕಾಫಿ ಮಾಡಿಸಿ ತಂದೆ. ಮೇಸ್ತ್ರಿಗಳ ಕೈಗೆ ಲೋಟ ಕೊಡುವಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ. ನಾನು ಬೈದದ್ದು ಅವರಿಗೆ ಗೊತ್ತಿರಲಿಲ್ಲ, ನಿಜ. ಆದರೆ ಮಗನಿಗೆ ಗೊತ್ತಿತ್ತಲ್ಲ. ಅವನೂ ಅಲ್ಲೇ ನಿಂತು ಕಾಫಿ ಕುಡಿಯುತ್ತಿದ್ದ.

ಸಂದಿಗೆ ಬಿಳಿ ಗ್ರೌಟ್ ಬೇಡ, ಬೂದಿ ಬಣ್ಣದ್ದು ತುಂಬಿಸೋಣ ಎಂದವಳು ಹೆಂಡತಿ. ಒಳ್ಳೆಯದೇ ಆಯಿತು. ನಮ್ಮ ಬೋರ್‌ವೆಲ್ ನೀರು ಗಡಸು, ಬಿಳಿ ಸಂದು ವರ್ಷದೊಳಗೆ ಹಳದಿಯಾಗುತ್ತಿತ್ತು. ಆಸಿಡ್ ಸುರಿದು ಉಜ್ಜುವವರಿದ್ದಾರೆ. ಆಸಿಡ್ ಸಂದಿನ ಸಿಮೆಂಟನ್ನೇ ತಿನ್ನುತ್ತದೆ, ಅಲ್ಲಿಂದ ನೀರು ಒಳಗಿಳಿಯುತ್ತದೆ. ನಾವು ಸ್ನಾನ ಮುಗಿಸಿದವರೇ ಗೋಡೆಗೊಮ್ಮೆ ಒಣಬಟ್ಟೆ ಆಡಿಸಿ ಬರುವ ನಿಯಮ ಮಾಡಿಕೊಂಡೆವು. ನಿಯಮ ಪಾಲಿಸುವವರು ಅಮ್ಮ ಒಬ್ಬರೇ. ನೆಲಕ್ಕೆ ಮಾತ್ರ ಈ ಹೊಳಪಿನ ಟೈಲ್ಸ್ ಸುತರಾಂ ಬೇಡವೆಂದು ಒರಟು ಮೈಯವನ್ನೇ ಹಾಕಿಸಿದೆವು.

ಜೂನ್ ಪರೀಕ್ಷೆಯಲ್ಲಿ ಮಗನಿಗೆ ಗಣಿತದಲ್ಲಿ 47 ಬಂತು. ಯಾರಿಗೂ ಪೇಡೆ ಹಂಚುವ ಅಂಕವಲ್ಲ. ಆ ರಾತ್ರಿ, ‘ಅವತ್ತು ನಾನು ಹಾಗೆ ಹೇಳಬಾರದಿತ್ತು ಕಣೋ’ ಎಂದೆ. ‘ಯಾವತ್ತು?’ ಎಂದ. ನೆನಪಿಲ್ಲದವನ ಹಾಗೆ ನಟಿಸಿದನೋ ಏನೋ, ನಾನೂ ಕೆದಕಲಿಲ್ಲ.

ಬಾಗಿಲ ಹಿಂದಿನ ಮೂರು ಸಾಲು ಅವನೇ ಕೂರಿಸಿದ್ದು. ಅದರಲ್ಲಿ ಒಂದು ಬಿಲ್ಲೆ ಕೂದಲೆಳೆಯಷ್ಟು ಒಳಗೆ ಹೋಗಿದೆ. ಮೇಸ್ತ್ರಿಗಳು ಕಿತ್ತು ಹಾಕುತ್ತೇನೆಂದರು, ಅಮ್ಮ ಬಿಡಲಿಲ್ಲ. ಉಳಿದ 26 ಟೈಲ್ಸ್ ಅಟ್ಟದ ಮೇಲೆ ಹಂಡೆಯೊಳಗಿವೆ.