ಗೋಪಿನಾಥಂಗೆ ಯಾವ ರಾಡ್?

ಗೋಪಿನಾಥಂ ಅಂದ ಕೂಡಲೇ ಎಲ್ಲರಿಗೂ ವೀರಪ್ಪನ್ ನೆನಪಾಗ್ತಾನೆ. ನನಗೆ ಮಾತ್ರ ಮೀನು. ಮಲೆ ಮಹದೇಶ್ವರ ಬೆಟ್ಟ ಇಳಿದು, ಪಾಲಾರ್ ಮೇಲೆ ಕಾಡುದಾರಿಯಲ್ಲಿ ಈ ಊರಿಗೆ ಹೊರಡೋಣ ಅಂದರೆ ಗೆಳೆಯರ ಮೊದಲ ಪ್ರಶ್ನೆ: "ಫ್ಲೈ ಫಿಶಿಂಗ್‌ಗೆ ಯಾವ ರಾಡ್ ತಗೊಳ್ಳೋಣ?"

ಲೆಕ್ಕ ಸುಲಭ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಅಂದರೆ ಗರಿ, ನೂಲು ಸುತ್ತಿದ ಹಗುರ ಕೊಕ್ಕೆ. ಅದನ್ನು ಒಯ್ಯುವುದು ದಾರದ ಭಾರವೇ. ಹಾಗಾಗಿ ರಾಡಿನ ನಂಬರಿಗೆ ದಾರದ ನಂಬರು ಹೊಂದಬೇಕು. ಅಮೆರಿಕದ ವೈಟ್ ಬಾಸ್ ಮೀನಿಗೆ 5 ಅಥವಾ 6 ಸಾಕು. ಮಹಶೀರ್‌ಗೆ 8ರಿಂದ 10 ಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ ತೂಕ 120 ಪೌಂಡ್, ಅಂದರೆ ಸುಮಾರು 54 ಕಿಲೋ!

ಆದರೆ ಆ ರಾಡ್ ಇಲ್ಲಿಗೆ ತರಬೇಡಿ. ಗೋಪಿನಾಥಂ ಇರುವುದು ಕಾವೇರಿ ವನ್ಯಜೀವಿಧಾಮದಲ್ಲಿ, ಗಾಳ ಹಾಕುವ ಹಾಗಿಲ್ಲ. "ಹಿಡಿದು ವಾಪಸ್ ಬಿಡ್ತೀವಲ್ಲ" ಅಂದರೂ ನಡೆಯೋದಿಲ್ಲ. ಕಾವೇರಿ ಮತ್ತು ಅದರ ಉಪನದಿಗಳಲ್ಲಷ್ಟೇ ಇರುವ ಡುಬ್ಬದ ಮಹಶೀರ್ 2018ರಿಂದ ಐಯುಸಿಎನ್‌ನ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಇಲ್ಲಿ ಹೋದರೆ ಜಗತ್ತಿನಿಂದಲೇ ಹೋದಂತೆ.

ಫ್ಲೈ ಕಿಟ್‌ನಿಂದ ನಾನು ಒಯ್ಯುವುದು ಪೋಲರೈಸ್ಡ್ ಕನ್ನಡಕ ಮಾತ್ರ. ಹಾಕಿಕೊಂಡರೆ ನೀರಿನ ಮೇಲಿನ ಹೊಳಪು ಕಳೆದು ಒಳಗಿನ ಮೀನು ಕಾಣುತ್ತದೆ. ಜೊತೆಗೆ ಬೈನಾಕ್ಯುಲರ್ ಇದ್ದರೆ ದಡದ ಹಕ್ಕಿಗಳೂ ಸಿಗುತ್ತವೆ. ನೀವೂ ಇಷ್ಟೇ ಪ್ಯಾಕ್ ಮಾಡಿ.