ಎತ್ತುವುದು ಬೇರೆ, ಹೊರುವುದು ಬೇರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ ನನಗೆ ಸಂಕೋಚವೇ ಆಯಿತು. ಈ ಶಾಲೆಯಿಂದ ಹೊರಬಂದವರಲ್ಲಿ ಕವಿಗಳಿದ್ದಾರೆ, ಅರ್ಥಧಾರಿಗಳಿದ್ದಾರೆ, ವೈದ್ಯರೂ ವಕೀಲರೂ ಇದ್ದಾರೆ. ನನ್ನ ಬದುಕಾದರೋ ಮೋಟಾರು ವಾಹನಗಳ ಎಣ್ಣೆ ಮಸಿಯ ನಡುವೆ ಕಳೆದುದು. ಹತ್ತು ವರ್ಷ ವರ್ಕ್‌ಶಾಪಿನಲ್ಲಿ ದುಡಿದು, ಆ ಬಳಿಕ ಐ.ಟಿ.ಐ. ಒಂದರಲ್ಲಿ ಬೋಧಕನಾಗಿದ್ದು ನಿವೃತ್ತನಾದವನು ನಾನು. "ನಿಮಗೆ ಗೊತ್ತಿರುವುದನ್ನೇ ಬರೆಯಿರಿ ಮಾಸ್ಟ್ರೇ" ಎಂದು ಅವರು ಪಟ್ಟು ಹಿಡಿದರು. ಆದುದರಿಂದ ಕಾರಿನ ಚಕ್ರವೊಂದನ್ನು ಮನೆಯಂಗಳದಲ್ಲಿ ಅಪಾಯವಿಲ್ಲದೆ ಕಳಚುವ ಕ್ರಮವನ್ನೇ ಬರೆಯಲು ಹೊರಟಿದ್ದೇನೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಈ ಅಲ್ಪ ಕೆಲಸದಲ್ಲಿ ಬಲಗೈಯ ಮೂರು ಬೆರಳುಗಳನ್ನು ಕಳೆದುಕೊಂಡವನೊಬ್ಬನನ್ನು ನಾನು ಬಲ್ಲೆ.

ಅವನು ನಾನು ಕೆಲಸ ಕಲಿಯುತ್ತಿದ್ದ ದಿನಗಳ ಜೊತೆಗಾರ. ನನಗಿಂತ ಚುರುಕು, ನನಗಿಂತ ಬಲಶಾಲಿ. ರಸ್ತೆಯ ಇಳಿಜಾರಿನಲ್ಲಿ ನಿಂತಿದ್ದ ಕಾರೊಂದರ ಚಕ್ರವನ್ನು ಕಳಚಿ, ಒಳಗೆ ಕೈಹಾಕಿದ್ದ ಹೊತ್ತಿನಲ್ಲಿ ಕಾರು ಗೇಣುದ್ದ ಮುಂದೆ ಸರಿಯಿತು. ಜಾಕಿಯು ವಾಲಿ ಬಿದ್ದಿತು. ಉಳಿದ ಚಕ್ರಗಳಿಗೆ ಒಂದು ಕಲ್ಲನ್ನಾದರೂ ಕೊಟ್ಟಿರಲಿಲ್ಲ. ಅವನಿಗೆ ನಿಯಮ ತಿಳಿದಿರಲಿಲ್ಲವೆಂದಲ್ಲ. 'ಕಲ್ಲು ಕೊಡು' ಎಂಬ ಮಾತನ್ನು ನಾವಿಬ್ಬರೂ ದಿನಕ್ಕೆ ನಾಲ್ಕು ಬಾರಿ ಕೇಳುತ್ತಿದ್ದೆವು. ಏಕೆ ಕೊಡಬೇಕೆಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಿರಲಿಲ್ಲ. ಕಾರಣ ತಿಳಿಯದೆ ಕಲಿತ ನಿಯಮವು ಅವಸರದ ದಿನ ಮೊದಲು ಮರೆತುಹೋಗುತ್ತದೆ ಎಂಬುದನ್ನು ನಾನು ಅಂದು ಕಂಡುಕೊಂಡೆನು.

ನನಗೆ ಕಾರಣಗಳನ್ನು ಕಲಿಸಿದ್ದು ಈ ಶಾಲೆ. ಎಂಟನೆಯ ತರಗತಿಯಲ್ಲಿ ಸನ್ನೆಯ ಪಾಠ ಬಂದಾಗ ನಮ್ಮ ವಿಜ್ಞಾನದ ಮಾಸ್ಟ್ರು ಪುಸ್ತಕವನ್ನು ಮೇಜಿನ ಮೇಲಿಟ್ಟು ನಮ್ಮನ್ನು ಅಂಗಳಕ್ಕೆ ಕರೆದೊಯ್ದರು. ಕಟ್ಟಡಕ್ಕೆಂದು ತಂದು ರಾಶಿ ಹಾಕಿದ್ದ ಮುರಕಲ್ಲುಗಳ ಅಡಿಗೆ ಕಬ್ಬಿಣದ ಸಬ್ಬಲನ್ನು ತೂರಿಸಿ, ಆನಿಕೆ ಎಲ್ಲಿ, ಭಾರ ಎಲ್ಲಿ, ಬಲ ಎಲ್ಲಿ ಎಂದು ಒಬ್ಬೊಬ್ಬರಿಂದಲೂ ಹೇಳಿಸಿದರು. ಘರ್ಷಣೆ, ಒತ್ತಡ, ಗುರುತ್ವ ಕೇಂದ್ರ ಎಂಬ ಶಬ್ದಗಳು ನಮಗೆ ಕಲ್ಲು ಮಣ್ಣಿನೊಡನೆಯೇ ಪರಿಚಯವಾದವು. ಮುಂದೆ ವರ್ಕ್‌ಶಾಪಿನಲ್ಲಿ ಮಾತು ಮಲೆಯಾಳದ್ದಾಯಿತು, ಉಪಕರಣಗಳ ಹೆಸರು ಇಂಗ್ಲಿಷಿನದ್ದಾಯಿತು. ಆದರೆ ಜಾಕಿಯ ಮುಂದೆ ಕುಳಿತಾಗಲೆಲ್ಲ ಮನಸ್ಸು ಕೇಳುತ್ತಿದ್ದುದು ಕನ್ನಡದಲ್ಲಿಯೇ: ಭಾರ ಎಲ್ಲಿದೆ? ಆನಿಕೆ ಎಲ್ಲಿದೆ? ಇದು ಯಾವ ಕಡೆಗೆ ಸರಿದೀತು?

ಈ ಮೂರು ಪ್ರಶ್ನೆಗಳಿಂದಲೇ ಆರಂಭಿಸೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು ನಮ್ಮೂರುಗಳಲ್ಲಿಯೂ ಮನೆಮಾತಾದ ಮಾರುತಿ 800 ಕಾರಿನ ತೂಕ ಸುಮಾರು 650 ಕಿಲೋ. ಎಂಜಿನ್ ಮುಂಭಾಗದಲ್ಲಿರುವುದರಿಂದ ಮುಂದಿನ ಒಂದೊಂದು ಚಕ್ರದ ಪಾಲಿಗೆ ಸುಮಾರು 200 ಕಿಲೋ ಬರುತ್ತದೆ. ಎಂದರೆ 50 ಕಿಲೋದ ನಾಲ್ಕು ಅಕ್ಕಿ ಮೂಟೆಗಳಷ್ಟು. ಈಗಿನ ಕಾರುಗಳು ಇದಕ್ಕಿಂತ ಭಾರವಾದವು. ಕಾರಿನೊಡನೆ ಬರುವ ಜಾಕಿಯು ಈ ಭಾರವನ್ನು ನೇರವಾಗಿ ಮೇಲಕ್ಕೆತ್ತಲು ಸಮರ್ಥವಾದದ್ದು. ಆದರೆ ಅದರ ಪಾದ ಅಂಗೈಯಗಲದ್ದು. ಪಕ್ಕದಿಂದ ಬರುವ ನೂಕನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಎತ್ತುವುದು ಬೇರೆ, ಹೊರುವುದು ಬೇರೆ. ಜಾಕಿ ಇರುವುದು ಎತ್ತುವುದಕ್ಕೆ. ಹೊರಲು ಬೇರೆ ಆಧಾರ ಬೇಕು. ಇಡೀ ಕೆಲಸದ ಮರ್ಮವು ಇಷ್ಟೇ.

ಮೊದಲನೆಯದು ಸ್ಥಳ. ಕಾಸರಗೋಡಿನ ಮನೆಗಳಲ್ಲಿ ಸಮತಟ್ಟಾದ ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳವೊಂದೇ. ಉಳಿದುದೆಲ್ಲ ಏರು ಇಳಿತ. ಕಾರನ್ನು ಆ ಅಂಗಳಕ್ಕೇ ತನ್ನಿರಿ. ಒಳಗಿರುವವರನ್ನೆಲ್ಲ ಇಳಿಸಿ, ಮಕ್ಕಳನ್ನು ಜಗಲಿಗೆ ಕಳುಹಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲನೆಯ ಗೇರಿಗೆ ಹಾಕಿ ಎಂಜಿನ್ ನಿಲ್ಲಿಸಿರಿ. ನಮ್ಮ ಹಿರಿಯರು ಗಾಡಿಯ ಕಡಾಣಿ ತೆಗೆದು ಕೀಲೆಣ್ಣೆ ಹಾಕುವ ಮೊದಲು ಎತ್ತುಗಳನ್ನು ನೊಗದಿಂದ ಬಿಡಿಸುತ್ತಿದ್ದರು. ಅದೇ ವಿವೇಕ ಇದು.

ಇಷ್ಟು ಮಾಡಿದ ಮೇಲೆಯೂ ಚಕ್ರಕ್ಕೆ ಕಲ್ಲು ಏಕೆ? ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂದಿನ ಚಕ್ರವೊಂದನ್ನು ಎತ್ತಿದರೆ ಆ ಹಿಡಿತದ ಅರ್ಧಭಾಗ ಗಾಳಿಯಲ್ಲಿ ತೂಗುತ್ತದೆ. ಮುಂದಿನ ಚಕ್ರಗಳಿಂದ ಚಲಿಸುವ ಕಾರುಗಳಲ್ಲಿ ಮುಂದಿನ ಚಕ್ರವೊಂದನ್ನು ಎತ್ತಿದರೆ ಗೇರಿನ ಹಿಡಿತವು ಹೊರಟುಹೋಗುತ್ತದೆ. ಎತ್ತಿದ ಚಕ್ರವು ಸುಮ್ಮನೆ ತಿರುಗಬಲ್ಲುದಾದ್ದರಿಂದ ನೆಲದ ಮೇಲಿರುವ ಅದರ ಜೋಡಿಗೂ ತಡೆ ಉಳಿಯುವುದಿಲ್ಲ. ಆದುದರಿಂದ ಕಳಚುವ ಚಕ್ರಕ್ಕೆ ಎದುರು ಮೂಲೆಯಲ್ಲಿರುವ ಚಕ್ರದ ಮುಂದೊಂದು, ಹಿಂದೊಂದು ಮರದ ಬೆಣೆಯನ್ನು ಬಿಗಿಯಾಗಿ ಕೊಡಬೇಕು. ನನ್ನ ಜೊತೆಗಾರನ ಬೆರಳುಗಳ ಬೆಲೆ ಎರಡು ಮರದ ತುಂಡುಗಳಾಗಿತ್ತು.

ಎರಡನೆಯದು, ಕಾರನ್ನು ಎತ್ತುವ ಮೊದಲೇ ನಟ್ಟುಗಳನ್ನು ಸಡಿಲಿಸುವುದು. ಸಣ್ಣ ಕಾರುಗಳ ಚಕ್ರದ ನಟ್ಟನ್ನು ಸುಮಾರು 100 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿ ಬಿಗಿಯುವುದು ವಾಡಿಕೆ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 40 ಕಿಲೋ ತೂಕದ ಬಲ ಹಾಕಿದರೆ ಅಷ್ಟಾಗುತ್ತದೆ. ಅದೇ ಸ್ಪ್ಯಾನರು 50 ಸೆಂಟಿಮೀಟರಿನದಾದರೆ 20 ಕಿಲೋ ಸಾಕು. ಎಂಟನೆಯ ತರಗತಿಯ ಸಬ್ಬಲಿನ ಲೆಕ್ಕವೇ ಇದು. ಇಂಥ ಬಲವನ್ನು ಜಾಕಿಯ ಮೇಲೆ ನಿಂತ ಕಾರಿಗೆ ಪಕ್ಕದಿಂದ ಹಾಕಿದರೆ ಗತಿಯೇನು? ಚಕ್ರವು ನೆಲದ ಮೇಲಿರುವಾಗಲೇ, ನೆಲದ ಘರ್ಷಣೆಯೇ ಅದನ್ನು ಹಿಡಿದಿರುವಾಗಲೇ, ಪ್ರತಿಯೊಂದು ನಟ್ಟನ್ನೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಅರ್ಧ ಸುತ್ತು ಸಡಿಲಿಸಿರಿ. ಪೂರ್ತಿ ಬಿಚ್ಚಬೇಡಿರಿ.

ಕಡಲ ಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿ ನಮ್ಮ ಕಡೆ ಚಕ್ರವು ತುಕ್ಕಿನಿಂದ ಅಚ್ಚಿಗೆ ಅಂಟಿಕೊಂಡಿರುವುದೂ ಉಂಟು. ನಟ್ಟು ತೆಗೆದರೂ ಚಕ್ರ ಬಾರದಿದ್ದಾಗ, ಎತ್ತಿದ ಕಾರಿನ ಚಕ್ರವನ್ನು ಒದೆಯುವವರನ್ನು ನೋಡಿದ್ದೇನೆ. ಅದು ಜಾಕಿಯನ್ನೇ ಒದ್ದಂತೆ. ನಟ್ಟುಗಳನ್ನು ಮತ್ತೆ ಹಾಕಿ, ಅರ್ಧ ಸುತ್ತು ಸಡಿಲವಾಗಿ ಬಿಟ್ಟು, ಕಾರನ್ನು ನೆಲಕ್ಕಿಳಿಸಿ, ಬೆಣೆಗಳನ್ನು ತೆಗೆದು, ಅಂಗಳದಲ್ಲಿಯೇ ಒಂದಡಿ ಮುಂದಕ್ಕೂ ಹಿಂದಕ್ಕೂ ಮೆಲ್ಲನೆ ನೂಕಿದರೆ ಕಾರಿನ ಭಾರವೇ ತುಕ್ಕನ್ನು ಬಿಡಿಸುತ್ತದೆ. ಅನಂತರ ಮೊದಲಿನಿಂದ ಎಲ್ಲವನ್ನೂ ಮಾಡತಕ್ಕದ್ದು.

ಮೂರನೆಯದು ಎತ್ತುವುದು. ಕಾರಿನ ಪಕ್ಕದ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆಯೂ ಹಿಂದಿನ ಚಕ್ರದ ಮುಂದೆಯೂ, ಜಾಕಿಗೆಂದೇ ಗುರುತು ಮಾಡಿದ ಸ್ಥಾನಗಳಿರುತ್ತವೆ. ಅಲ್ಲಿಯಲ್ಲದೆ ಬೇರೆಡೆ ಜಾಕಿ ಇಡಬಾರದು. ಅಂಗಳದ ಮಣ್ಣು ಮೆದುವಾಗಿದ್ದರೆ ಜಾಕಿಯ ಅಡಿಗೆ ದಪ್ಪನೆಯ ಮರದ ಹಲಗೆ ಇಡಿರಿ. ಚಕ್ರವು ನೆಲ ಬಿಡುವಷ್ಟು ಎತ್ತಿದರೆ ಸಾಕು. ಸ್ಟೆಪ್ನಿಯನ್ನು ಹೊರತೆಗೆದು, ಕಾರಿನ ಅಂಚಿನಡಿಯಲ್ಲಿ ಅಡ್ಡಲಾಗಿ ಮಲಗಿಸಿರಿ. ಕಳಚಿದ ಚಕ್ರವನ್ನು ಅಲ್ಲಿಗೆ ಸರಿಸಿದ ಬಳಿಕವೇ ಸ್ಟೆಪ್ನಿಯನ್ನು ಎತ್ತಿಕೊಳ್ಳಬೇಕು. ಜಾಕಿ ತಪ್ಪಿದರೂ ಕಾರು ಚಕ್ರದ ಮೇಲೆ ಕೂರುತ್ತದೆಯೇ ಹೊರತು ಮನುಷ್ಯನ ಮೇಲಲ್ಲ. ಬ್ರೇಕು ನೋಡುವುದೇ ಮುಂತಾದ ಕೆಲಸವಿದ್ದು ಚಕ್ರವಿಲ್ಲದೆ ಕಾರು ನಿಲ್ಲಬೇಕಾಗಿದ್ದರೆ, ಅಂಗಡಿಯಲ್ಲಿ ಸಿಗುವ ಉಕ್ಕಿನ ಆಕ್ಸಲ್ ಸ್ಟ್ಯಾಂಡನ್ನು ಗಟ್ಟಿ ನೆಲದ ಮೇಲಿಟ್ಟು ಅದಕ್ಕೇ ಭಾರ ಹೊರಿಸತಕ್ಕದ್ದು. ಜಾಕಿಯೊಂದನ್ನೇ ನಂಬಿ ಕಾರಿನ ಅಡಿಗೆ ತಲೆ ಹಾಕಲೇಬಾರದು.

ಇಲ್ಲಿ ನಮ್ಮ ಜಿಲ್ಲೆಗೇ ಸಂಬಂಧಿಸಿದ ಎಚ್ಚರಿಕೆಯೊಂದನ್ನು ಹೇಳಬೇಕಾಗಿದೆ. ಆಧಾರಕ್ಕೆಂದು ಕೈಗೆ ಮೊದಲು ಸಿಗುವುದು ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು ಆ ಹೆಸರು. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಈ ಕಲ್ಲಿನ ಮೈತುಂಬ ರಂಧ್ರಗಳು. ಗೋಡೆಗೆ ಇದಕ್ಕೆ ಸಮನಿಲ್ಲ. ಆದರೆ ಕಾರಿನಡಿಗೆ ಇದು ಸಲ್ಲದು.

ಎರಡು ಮಳೆಗಾಲಗಳ ಹಿಂದೆ ನೆರೆಮನೆಯ ಹುಡುಗ, ಬೆಂಗಳೂರಿನಲ್ಲಿ ಎಂಜಿನಿಯರನಾಗಿರುವವನು, ಊರಿಗೆ ಬಂದಿದ್ದಾಗ ಚಕ್ರ ಕಳಚಿ ಬ್ರೇಕು ನೋಡಲು ಬಾಗಿದ್ದನು. ಒದ್ದೆ ಮಣ್ಣಿನಲ್ಲಿ ಜಾಕಿ ಓರೆಯಾಗಿತ್ತು. ಪಕ್ಕದಲ್ಲಿ ಆಧಾರಕ್ಕೆಂದು ಮುರಕಲ್ಲೊಂದನ್ನು ನಿಲ್ಲಿಸಿದ್ದನು. "ಮಗಾ, ಮೊದಲು ತಲೆ ಹೊರಗೆ ತೆಗೆ, ಆಮೇಲೆ ಮಾತಾಡೋಣ" ಎಂದೆನು. ಕಲ್ಲಿಗೆ ಕೈ ಹಾಕದೆ, ಕಳಚಿದ ಚಕ್ರವನ್ನು ದೂರದಿಂದಲೇ ಕಾಲಿನಲ್ಲಿ ಕಾರಿನಡಿಗೆ ಸರಿಸಿ, ಜಾಕಿಯನ್ನು ಮೆಲ್ಲನೆ ಇಳಿಸಿದೆವು. ಭಾರವು ಕಲ್ಲಿಗೆ ಮುಟ್ಟಿದ್ದೇ ತಡ, ಅದು ತೆಂಗಿನಕಾಯಿಯಂತೆ ಎರಡು ಹೋಳಾಯಿತು. ಕಾರು ನಾಲ್ಕು ಬೆರಳಿನಷ್ಟು ಕುಸಿದು ಚಕ್ರದ ಮೇಲೆ ಕುಳಿತಿತು. ಹುಡುಗನ ಮುಖ ಬಿಳಿಚಿತು. "ಮನೆಯನ್ನೇ ಹೊರುವ ಕಲ್ಲಲ್ಲವೇ ಮಾಸ್ಟ್ರೇ?" ಎಂದು ಕೇಳಿದನು. ಗೋಡೆಯಲ್ಲಿ ಭಾರವು ಕಲ್ಲಿನ ಇಡೀ ಮೈಗೆ ಹಂಚಿಹೋಗುತ್ತದೆ. ಕಾರಿನ ಅಂಚು ಕತ್ತಿಯ ಬಾಯಿಯಂತೆ ಒಂದೇ ಗೆರೆಯಲ್ಲಿ ಕೂರುತ್ತದೆ. ಬಲ ಅಷ್ಟೇ ಇದ್ದು ವಿಸ್ತೀರ್ಣ ಕಿರಿದಾದರೆ ಒತ್ತಡ ಹೆಚ್ಚು. ಜಾಕಿಯ ಅಡಿಗೆ ಹಲಗೆ ಇಡುವುದೂ ಇದೇ ಕಾರಣಕ್ಕೆ, ಅಲ್ಲಿ ವಿಸ್ತೀರ್ಣ ಹಿಗ್ಗಿ ಒತ್ತಡ ತಗ್ಗುತ್ತದೆ. ಅವನೂ ನಮ್ಮ ಶಾಲೆಯಲ್ಲಿಯೇ ಓದಿದವನು. "ಹೌದು, ಓದಿದ್ದೆ" ಎಂದು ಮೆಲ್ಲನೆ ಹೇಳಿದನು.

ಕೊನೆಯದು ಮರಳಿ ಜೋಡಿಸುವುದು. ಚಕ್ರ ಕೂರುವ ಜಾಗದ ತುಕ್ಕನ್ನು ಉಜ್ಜಿ ತೆಗೆಯಿರಿ. ಬೋಲ್ಟಿನ ಸುತ್ತುಗಳಿಗೆ ಎಣ್ಣೆ ಹಚ್ಚಬೇಡಿರಿ. ಘರ್ಷಣೆ ಕಡಿಮೆಯಾಗಿ, ಅದೇ ಬಲಕ್ಕೆ ನಟ್ಟು ಮಿತಿಮೀರಿ ಬಿಗಿಯುತ್ತದೆ. ನಟ್ಟಿನ ಒಂದು ತುದಿ ಇಳಿಜಾರಾಗಿದ್ದರೆ ಆ ತುದಿ ಚಕ್ರದ ಕಡೆಗಿರಲಿ. ಮೊದಲು ಎಲ್ಲವನ್ನೂ ಬೆರಳಿನಿಂದ ತಿರುಗಿಸಿ, ಬಳಿಕ ಒಂದರ ಎದುರಿನದು ಎಂಬ ಕ್ರಮದಲ್ಲಿ ಹಗುರವಾಗಿ ಬಿಗಿದು, ಅಡಿಯಲ್ಲಿಟ್ಟ ಚಕ್ರವನ್ನು ಹೊರಗೆಳೆದು, ಕಾರನ್ನು ನೆಲಕ್ಕಿಳಿಸಿದ ಮೇಲೆ ಅದೇ ಕ್ರಮದಲ್ಲಿ ಪೂರ್ಣ ಬಿಗಿಯಬೇಕು. ಸುಮಾರು 50 ಕಿಲೋಮೀಟರ್ ಓಡಿದ ಬಳಿಕ ಇನ್ನೊಮ್ಮೆ ಸ್ಪ್ಯಾನರು ಹಾಕಿ ನೋಡುವುದು ಒಳ್ಳೆಯದು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ತಲೆಮಾರು ನಮ್ಮದು. ಕನ್ನಡ ಮಾಧ್ಯಮದಲ್ಲಿ ಓದಿ ಕಸುಬಿಗೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ನಾವು ಮನೆಯಲ್ಲಿಯೂ ಕೇಳಿದ್ದೇವೆ, ಹೊರಗೂ ಕೇಳಿದ್ದೇವೆ. ಐ.ಟಿ.ಐ.ಗೆ ಬರುತ್ತಿದ್ದ ಕನ್ನಡ ಶಾಲೆಗಳ ಹುಡುಗರು ಮೊದಲ ತಿಂಗಳು ತುಟಿ ಬಿಚ್ಚದೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಸ್ಪ್ಯಾನರನ್ನು ಅವರ ಕೈಗಿತ್ತು, "ಆನಿಕೆ ಎಲ್ಲಿದೆ, ತೋರಿಸು" ಎಂದು ಕನ್ನಡದಲ್ಲಿ ಕೇಳಿದೊಡನೆ ಕಣ್ಣರಳಿಸಿ ಬೆರಳಿಟ್ಟು ತೋರಿಸುತ್ತಿದ್ದರು. ಹೆಸರುಗಳನ್ನು ಯಾವ ಭಾಷೆಯಲ್ಲಾದರೂ ಒಂದು ವಾರದಲ್ಲಿ ಕಲಿಯಬಹುದು. ಕಾರಣಗಳು ಮನಸ್ಸಿನಲ್ಲಿ ಬೇರೂರುವುದು ತನ್ನ ನುಡಿಯಲ್ಲಿ ಎಂಬುದು ನನ್ನ ಅನುಭವ. ಆ ಬೇರು ನನ್ನ ಹತ್ತು ಬೆರಳುಗಳನ್ನೂ ಈವರೆಗೆ ಉಳಿಸಿದೆ.

ಹಳೆ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಈ ಬಾರಿ ಬಿಡುವಿದ್ದಾಗ, ಗಾಳಿ ಹೋಗುವ ದಿನಕ್ಕೆ ಕಾಯದೆ, ಹಗಲು ಹೊತ್ತಿನಲ್ಲಿ ಮನೆಯ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಸೇರಿಸಿ, ಅಂಗಳಕ್ಕೆ ಕರೆದು ಒಮ್ಮೆ ಚಕ್ರ ಕಳಚಿ ಜೋಡಿಸಿ ತೋರಿಸಿರಿ. ಪ್ರತಿ ಹೆಜ್ಜೆಯಲ್ಲಿಯೂ ಏಕೆ ಎಂದು ಕೇಳಲು ಬಿಡಿರಿ. ಎರಡು ಮರದ ಬೆಣೆಗಳನ್ನೂ ಒಂದು ಹಲಗೆಯನ್ನೂ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳಿರಿ. ಏಕೆ ಎಂದು ಕೇಳಲು ಕಲಿಸಿದ ನಮ್ಮ ಶಾಲೆಯು ಶತಮಾನೋತ್ಸವವನ್ನೂ ಕಾಣಲಿ, ಅದರ ಅಂಗಳದಲ್ಲಿ ಮಕ್ಕಳ ಕನ್ನಡ ದನಿ ನಿಲ್ಲದಿರಲಿ ಎಂದು ಹಾರೈಸುತ್ತೇನೆ.