ಸಾಲು ತಿರುಗುವ ಹೊತ್ತು

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ಹೊರಟವರಿಗೆ ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದು ಆಟ ನೋಡಬಹುದು. ರಸ್ತೆ ಪಕ್ಕದ ಮಾವಿನ ತೋಪುಗಳಲ್ಲಿ ಮರಗಳನ್ನು ಹಗ್ಗ ಹಿಡಿದು ಅಳೆದು ಚೌಕಕ್ಕೆ ನೆಟ್ಟಿರುತ್ತಾರೆ. ಬಸ್ಸು ಓಡುತ್ತಿದ್ದಂತೆ ಅವೆಲ್ಲ ಒಂದರ ಮೇಲೊಂದು ಬಿದ್ದು ಬರೀ ಹಸಿರಿನ ಗುಂಪಾಗಿ ಕಾಣುತ್ತವೆ. ಅಷ್ಟರಲ್ಲಿ ಪಟ್ಟನೆ ಒಂದು ಓಣಿ ತೆರೆದು, ಆಚೆ ಬೇಲಿವರೆಗೂ ಬೆಳಕು ಹರಿದು, ಮುಚ್ಚಿಕೊಳ್ಳುತ್ತದೆ. ಆಮೇಲೆ ಓರೆಯಾಗಿ ಇನ್ನೊಂದು ಓಣಿ. ಒಂದು ಮರವೂ ಅಲುಗಿಲ್ಲ, ಆದರೂ ತೋಪೆಲ್ಲ ಕವಾಯತು ಮಾಡಿದ ಹಾಗೆ. ಈ ಆಟ ನನಗೆ ಇವತ್ತಿಗೂ ಬೇಸರ ತಂದಿಲ್ಲ.

ಕವಾಯತನ್ನು ನಾನು ಪ್ರೀತಿಸಲು ಕಲಿತದ್ದು ಶಾಲೆಯ ಬ್ಯಾಂಡ್ ಸೆಟ್ಟಿನಲ್ಲಿ. ನಾಲ್ಕು ಸೈಡ್ ಡ್ರಮ್ಮು, ಒಂದು ದೊಡ್ಡ ಡ್ರಮ್ಮು, ಒಂದು ಜೊತೆ ಕಂಚಿನ ತಾಳ, ಒಂದು ತ್ರಿಕೋನ, ಉಳಿದವರಿಗೆಲ್ಲ ಕೊಳಲು. ಜುಲೈ ಮುಗಿಯುತ್ತಿದ್ದಂತೆ ಕೆಂಪು ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿ ಡ್ರಿಲ್ ಮೇಷ್ಟ್ರು ನಮ್ಮನ್ನು ಇಳಿಸುತ್ತಿದ್ದರು. ಶಾಲೆ ಕನ್ನಡದ್ದು, ಆಜ್ಞೆಗಳು ಹಿಂದಿಯವು: ಸಾವಧಾನ್, ವಿಶ್ರಾಮ್, ತೇಜ್ ಚಲ್, ಕದಮ್ ತಾಲ್. ಸಾಲು ಸೊಟ್ಟಗಾದಾಗ ಪಕ್ಕದವಳು ತುಟಿ ಅಲುಗಿಸದೆ ಪಿಸುಗುಟ್ಟುತ್ತಿದ್ದದ್ದು ತೆಲುಗಿನಲ್ಲಿ: ‘ಲೈನು ಚೂಡವೇ’, ಸಾಲು ನೋಡೇ ಎಂದು. ನಮ್ಮ ಸೀಮೆಯ ಮಕ್ಕಳ ಕಾಲುಗಳಿಗೆ ಮೂರು ಭಾಷೆ ಬರುತ್ತದೆ. ಕವಾಯತು ಎಂಬ ಮಾತಂತೂ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದಕ್ಕೆ ನಿಯಮಗಳು ಎಂದು ಅರ್ಥ.

ನಾವು ಕಲಿತದ್ದು ಬಹಳ ಕಡಿಮೆ. ನಿಂತಲ್ಲೇ ಹೆಜ್ಜೆ ಹಾಕುವುದು, ಮುಂದೆ ನಡೆಯುವುದು, ಒಟ್ಟಿಗೆ ನಿಲ್ಲುವುದು, ಸಾಲಾಗಿ ತಿರುಗುವುದು. ಅದರಲ್ಲಿ ಕೊನೆಯದಕ್ಕೆ ‘ಘೂಮ್’ ಎನ್ನುತ್ತಿದ್ದರು, ಮೇಷ್ಟ್ರಿಗೆ ಅದರ ಮೇಲೆ ಹೆಚ್ಚು ಪ್ರೀತಿ. ಎಂಟು ಜನ ಹೆಗಲಿಗೆ ಹೆಗಲು ಸೇರಿಸಿ ನಿಂತ ಸಾಲು ಬಾಗಿಲಿನ ಹಾಗೆ ತಿರುಗಬೇಕು. ಒಂದು ತುದಿಯವಳು ಬಾಗಿಲ ಬಿಜಾಗರಿ. ಅವಳು ಇದ್ದ ಕಡೆಯೇ ಕಾಲು ಎತ್ತಿ ಇಡುತ್ತ ಮೆಲ್ಲಗೆ ಮೈ ತಿರುಗಿಸುತ್ತಾಳೆ. ಇನ್ನೊಂದು ತುದಿಯವಳು ದಾಪುಗಾಲು ಹಾಕಬೇಕು.

ಒಂದು ದಿನ ಮೇಷ್ಟ್ರು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಲೆಕ್ಕ ಬಿಡಿಸಿ ತೋರಿಸಿದರು. ಒಬ್ಬಳಿಂದ ಇನ್ನೊಬ್ಬಳಿಗೆ ಎರಡು ಅಡಿ; ಎಂಟು ಜನರ ನಡುವೆ ಏಳು ಸಂದು; ಅಲ್ಲಿಗೆ ಹೊರಗಿನವಳು ಬಿಜಾಗರಿಯಿಂದ 14 ಅಡಿ ದೂರ. ಕಾಲು ಸುತ್ತು ತಿರುಗಲು ಅವಳು ನಡೆಯಬೇಕಾದದ್ದು 22 ಅಡಿ. ಎರಡಡಿಯ ಹೆಜ್ಜೆಯಾದರೆ ಸರಿಯಾಗಿ ಹನ್ನೊಂದು. ಆ ಹನ್ನೊಂದು ಹೆಜ್ಜೆಯ ಹೊತ್ತಿನಲ್ಲಿ ಬಿಜಾಗರಿಯ ಪಕ್ಕದವಳು ಇಡಬೇಕಾದ ಹೆಜ್ಜೆ ಸುಮಾರು ಮೂರೂವರೆ ಅಂಗುಲದಷ್ಟೇ, ಅವಳ ಆಚೆಯವಳದು ಏಳು ಅಂಗುಲ, ಹೀಗೆ ಒಬ್ಬೊಬ್ಬರಿಗೂ ಮೂರೂವರೆ ಮೂರೂವರೆ ಅಂಗುಲ ಏರುತ್ತ ಹೋಗಬೇಕು. ಎಂಟು ಜನರದು ಎಂಟು ಅಳತೆ, ಡ್ರಮ್ಮಿನ ಪೆಟ್ಟು ಮಾತ್ರ ಒಂದೇ. ಗಣಿತದ ತರಗತಿಯಲ್ಲಿ ಇಪ್ಪತ್ತೆರಡು ಬೈ ಏಳನ್ನು ಬಾಯಿಪಾಠ ಮಾಡಿದ್ದೆ. ವೃತ್ತ ಅಂದರೇನೆಂದು ಕಾಲಿಗೆ ತಿಳಿದದ್ದು ಆ ಮಣ್ಣಿನಲ್ಲಿ.

ನಾನು ಬಿಜಾಗರಿಯ ಹುಡುಗಿ. ಗಿಡ್ಡಗಿದ್ದೆ, ಉದ್ದನೆ ಹೆಜ್ಜೆ ಬರುತ್ತಿರಲಿಲ್ಲ. ಮೂರು ವರ್ಷ ಆ ಜಾಗದಲ್ಲೇ ನಿಂತು ತಿರುಗಿದೆ. ಸಾಲು ಹೇಗೆ ಕಾಣುತ್ತದೆ ಎಂದು ಒಮ್ಮೆಯೂ ಕಂಡವಳಲ್ಲ. ಕತ್ತು ತಿರುಗಿಸಿದರೆ ಸಾಲೇ ಮುರಿಯುತ್ತಿತ್ತು.

ಕಂಡದ್ದು ಬಹಳ ವರ್ಷಗಳ ಮೇಲೆ, ಮೈಸೂರಿನಲ್ಲಿ. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತು ನೋಡಲು ಮೆಟ್ಟಿಲ ಮೇಲೆ ಕೂತಿದ್ದೆ. ಕತ್ತಲಲ್ಲಿ ಮನುಷ್ಯರು ಕಾಣುವುದಿಲ್ಲ, ಪಂಜಿನ ಬೆಂಕಿಯ ಚುಕ್ಕೆಗಳಷ್ಟೇ. ಆ ಚುಕ್ಕೆಗಳ ಒಂದು ಸಾಲು ನಿಧಾನವಾಗಿ ತಿರುಗಿತು. ಎಷ್ಟೋ ಜಾಣ ವಿನ್ಯಾಸಗಳನ್ನು ಆ ರಾತ್ರಿ ಮಾಡಿದರು. ನನ್ನ ಕಣ್ಣಲ್ಲಿ ನಿಂತದ್ದು ಆ ಒಂದು ಗೆರೆ ತಿರುಗಿದ್ದು.

ದಿಲ್ಲಿಯ ವಿಜಯ್ ಚೌಕದಲ್ಲಿ ಜನವರಿ 29ರ ಸಂಜೆ ಸೇನೆಯ ಬ್ಯಾಂಡುಗಳು ಮಾಡುವ ಕವಾಯತನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಇನ್ನೊಂದು ಚಲನೆ ನೆನಪಿರಬಹುದು. ಮುಂದಿನ ಸಾಲು ಹಿಂದಕ್ಕೆ ತಿರುಗಿ, ಇನ್ನೂ ಮುಂದಕ್ಕೇ ಬರುತ್ತಿರುವ ತನ್ನದೇ ಬ್ಯಾಂಡಿನ ಸಂದುಗಳಲ್ಲಿ ನುಗ್ಗಿ ಹೋಗುತ್ತದೆ. ಸ್ವಲ್ಪ ಹೊತ್ತು ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ. ಎಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೋ ಅನ್ನಿಸುವಷ್ಟರಲ್ಲಿ ಇಡೀ ಬ್ಯಾಂಡು ಕಾಲುಚೀಲ ತಿರುವಿ ಹಾಕಿದಂತೆ ಹಿಂದುಮುಂದಾಗಿರುತ್ತದೆ. ಅದು ನನ್ನ ಮಾವಿನ ತೋಪಿನ ಓಣಿಯೇ. ಇಲ್ಲಿ ಮಾತ್ರ ಮರಗಳು ನಡೆಯುತ್ತವೆ.

ಅಮೆರಿಕದಲ್ಲಿ ಡ್ರಮ್ ಕೋರ್ ಎಂಬ ಪಂಥವೇ ಇದೆ. ಡ್ರಮ್ಮು, ಹಿತ್ತಾಳೆಯ ತುತ್ತೂರಿ, ಬಾವುಟ ಹಿಡಿದ ನೂರಾರು ಹರೆಯದವರು ಬೇಸಿಗೆಯೆಲ್ಲ ಫುಟ್‌ಬಾಲ್ ಮೈದಾನಗಳಲ್ಲಿ ಇಂಥ ಕವಾಯತನ್ನೇ ಸಾಧನೆ ಮಾಡುತ್ತಾರೆ. ಅವರ ದೊಡ್ಡ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ. ಮೈದಾನದಲ್ಲಿ ಐದೈದು ಗಜಕ್ಕೆ ಒಂದು ಬಿಳಿ ಗೆರೆ. ಎರಡು ಗೆರೆಗಳ ನಡುವೆ ಎಂಟು ಹೆಜ್ಜೆ, ಅಂದರೆ ಒಂದೊಂದು ಹೆಜ್ಜೆಯೂ ಇಪ್ಪತ್ತೆರಡೂವರೆ ಅಂಗುಲ. ಸುರುಳಿ, ನಕ್ಷತ್ರ, ಅಲೆ, ಏನೇನೋ ಬಿಡಿಸಬಲ್ಲರು. ಆದರೆ ನೋಡುವವರು ಎದ್ದು ನಿಲ್ಲುವುದು ಅವರೆಲ್ಲ ಒಂದೇ ಉದ್ದನೆಯ ಗೆರೆಯಾಗಿ, ಬಾರಿಸುತ್ತ, ನೇರ ಪ್ರೇಕ್ಷಕರ ಎದೆಗೇ ನಡೆದು ಬಂದಾಗ. ಅದಕ್ಕೆ ಕಂಪನಿ ಫ್ರಂಟ್ ಎನ್ನುತ್ತಾರೆ. ವಿಡಿಯೊದಲ್ಲಿ ನೋಡಿದಾಗ ನನಗೂ ಮೈ ಜುಮ್ಮೆಂದಿತು.

ಹೀಗೆ ಒಂದೇ ಗೆರೆಯಾಗಿ ನಡೆಯುವುದಕ್ಕೆ ಶತ್ರು ಎಂದರೆ ದೂರ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಡ್ರಮ್ಮಿನಿಂದ 34 ಮೀಟರ್ ಆಚೆ ಇರುವವರಿಗೆ ಪೆಟ್ಟು ಕೇಳಿಸುವುದು ಹತ್ತನೇ ಒಂದು ಸೆಕೆಂಡು ತಡವಾಗಿ. ಅದನ್ನೇ ನಂಬಿ ಕಾಲಿಟ್ಟರೆ ಸಾಲಿನ ತುದಿಯಲ್ಲಿ ಕಾಲುಗಳು ಅಲೆಯಾಗಿ ಏಳುತ್ತವೆ. ಅದಕ್ಕೇ ದೊಡ್ಡ ಮೈದಾನದಲ್ಲಿ ಪಳಗಿದವರು ಕಿವಿಗಿಂತ ಕಣ್ಣನ್ನು ನಂಬುತ್ತಾರೆ. ಮುಂದೆ ನಿಂತವನ ಕೈ ನೋಡುತ್ತಾರೆ.

ನಮ್ಮ ತಮಟೆಯವರು ಈ ದೂರವನ್ನು ಬೇರೆ ದಾರಿಯಲ್ಲಿ ಗೆದ್ದಿದ್ದಾರೆ. ಅವರು ಹತ್ತಿರ ಹತ್ತಿರ ಇರುತ್ತಾರೆ. ಜಾತ್ರೆಯಲ್ಲಿ ಹುಲ್ಲು ಉರಿಸಿ ಚರ್ಮ ಕಾಯಿಸಿಕೊಂಡು, ಒಂದು ಕೈಲಿ ದಪ್ಪ ಕಡ್ಡಿ, ಇನ್ನೊಂದು ಕೈಲಿ ಸಣ್ಣ ಕಡ್ಡಿ ಹಿಡಿದು, ಅರ್ಧ ಚಂದ್ರಾಕಾರವಾಗಿ ನಿಲ್ಲುತ್ತಾರೆ. ಮೂರು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಸಟ್ಟನೆ ಎಲ್ಲರೂ ಮಂಡಿ ಬಗ್ಗಿಸಿ ಕೂತು, ಗತ್ತು ಬಿಡದೆ ಬಾರಿಸುತ್ತಲೇ ಏಳುತ್ತಾರೆ. ಅಷ್ಟೇ. ಸುತ್ತ ನಿಂತ ಊರೇ ಅವರ ಜೊತೆ ಕೂತೆದ್ದ ಹಾಗಾಗುತ್ತದೆ. ಚಿಕ್ಕಬಳ್ಳಾಪುರದ ಸೀಮೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು, 2007ರಲ್ಲಿ ಬೇರೆಯಾಗುವವರೆಗೆ. ಅಲ್ಲಿಯ ತಮಟೆ ವಾದಕ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ, ಊರಾಚೆಯ ಕೇರಿಯಿಂದ ಸಾವಿಗೂ ದೇವರಿಗೂ ದುಡಿದ ಆ ವಾದ್ಯವನ್ನು ದೇಶ ತಲೆಯೆತ್ತಿ ನೋಡಿತಲ್ಲ ಎಂದು ಕಣ್ಣು ತುಂಬಿತ್ತು.

ಈಚೆಗೆ ಒಂದು ಆಗಸ್ಟ್ 15ಕ್ಕೆ ಕೋಲಾರದ ಸರ್ ಎಂ.ವಿ. ಕ್ರೀಡಾಂಗಣಕ್ಕೆ ಹೋಗಿದ್ದೆ. ಪೊಲೀಸರು ಹೋದರು, ಎನ್‌ಸಿಸಿ ಹೋಯಿತು, ಸೇವಾದಳದವರು ಹೋದರು. ಆಮೇಲೆ ಯಾವುದೋ ಹಳ್ಳಿ ಶಾಲೆಯ ಹುಡುಗಿಯರ ಸಾಲು ಮೂಲೆಗೆ ಬಂತು. ಒಳತುದಿಯಲ್ಲಿ ಗಿಡ್ಡ ಹುಡುಗಿ, ಎರಡು ಜಡೆ, ಬಿಳಿ ಕ್ಯಾನ್ವಾಸ್ ಶೂ. ಅವಳು ಕಾಲು ಎತ್ತಿ ಇಡುತ್ತಿದ್ದಳು; ಅವಳಿಂದಾಚೆ ಏಳು ಜನ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ, ತಿರುಗಿದರು. ನನ್ನ ಹಿಮ್ಮಡಿ ತಾನಾಗಿ ಮೆಟ್ಟಿಲ ಮೇಲೆ ತಾಳ ಹಾಕುತ್ತಿತ್ತು.

ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ಅವಳು ನೀರು ಕುಡಿಯುತ್ತ ನಿಂತಿದ್ದಳು. ಹತ್ತಿರ ಹೋಗಿ, ‘ತಿರುಗುವಾಗ ನಿಮ್ಮ ಸಾಲು ಮುರೀಲೇ ಇಲ್ಲ ಕಣಮ್ಮ’ ಅಂದೆ.

ಅವಳು ಲೋಟ ಕೆಳಗಿಳಿಸಿದಳು. ‘ಹೌದಾ ಆಂಟಿ? ಕೊನೇವರೆಗೂ ನೆಟ್ಟಗಿತ್ತಾ?’

‘ಕೊನೇವರೆಗೂ.’

ಅವಳು ಓಡಿಹೋಗಿ ಹೊರತುದಿಯ ಉದ್ದನೆ ಹುಡುಗಿಯನ್ನು ಕೈ ಹಿಡಿದು ಎಳೆದುಕೊಂಡು ಬಂದು, ‘ಇನ್ನೊಂದು ಸಲ ಹೇಳಿ ಆಂಟಿ, ಇವಳೂ ಕೇಳಲಿ’ ಅಂದಳು.